ಸೆರೆಹಿಡಿದ ಚಿತ್ರ, ಸೆರೆಸಿಗದ ಮುಖ

2020ರ ಮೇ 28ರ ರಾತ್ರಿ ಮಿನಿಯಾಪೊಲಿಸ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಹುಲಿಯೊ ಕೊರ್ಟೆಜ್ ತೆಗೆದ ಫೋಟೋವನ್ನು ನಮ್ಮಲ್ಲಿ ಅನೇಕರು ಫೋನಿನಲ್ಲಿ ಒಮ್ಮೆಯಾದರೂ ನೋಡಿರುತ್ತೇವೆ. ಪಕ್ಕದಲ್ಲಿ ಕಟ್ಟಡ ಹೊತ್ತಿ ಉರಿಯುತ್ತಿದೆ. ಪ್ರತಿಭಟನಾಕಾರನೊಬ್ಬ ಅಮೆರಿಕದ ಬಾವುಟವನ್ನು ತಲೆಕೆಳಗಾಗಿ ಹಿಡಿದು ಹೋಗುತ್ತಿದ್ದಾನೆ. ಬಾವುಟವನ್ನು ಹಾಗೆ ಹಿಡಿಯುವುದು 'ನಾವು ಅಪಾಯದಲ್ಲಿದ್ದೇವೆ' ಎನ್ನುವ ಹಳೆಯ ಸಂಕೇತ. ಪೊಲೀಸನ ಮಂಡಿಯಡಿ ಜಾರ್ಜ್ ಫ್ಲಾಯ್ಡ್ ಸತ್ತು ಆಗ ಮೂರು ದಿನವಾಗಿತ್ತು. ಮರುವರ್ಷ ಎಪಿಗೆ ಪುಲಿಟ್ಜರ್ ತಂದುಕೊಟ್ಟ ಚಿತ್ರಗಳಲ್ಲಿ ಇದೂ ಒಂದು.

ಚಿತ್ರ ಬಲವಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಂಕಿ, ಬಾವುಟ, ನೆರಳಿನಂಥ ಒಂದು ಆಕೃತಿ, ಇಷ್ಟರಲ್ಲಿ ಸಾಂಕ್ರಾಮಿಕದ ಸುಳಿವೇ ಇಲ್ಲ. 1968ರದ್ದು ಎಂದರೂ ನಂಬಬಹುದು. ಅದರ ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಕೋವಿಡ್ ಸಾವುಗಳು ಒಂದು ಲಕ್ಷ ದಾಟಿದ್ದವು. ಸತ್ತವರಲ್ಲಿ ಕಪ್ಪು ಜನರ ಪಾಲು ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಹೆಚ್ಚಾಗಿತ್ತು. ಮನೆಯೊಳಗೆ ಇರಿ ಎಂದು ಎಲ್ಲರೂ ಹೇಳುತ್ತಿದ್ದಾಗ ಬೀದಿಗಿಳಿದವರ ಚಿತ್ರವನ್ನು ಹೇಗೆ ತೆಗೆಯಬೇಕು ಎನ್ನುವ ಪ್ರಶ್ನೆಯನ್ನು ಈ ಪ್ರಸಿದ್ಧ ಚಿತ್ರ ಎದುರಿಸುವುದೇ ಇಲ್ಲ.

ಪ್ರಶ್ನೆ ಇರುವುದು ಮುಖದಲ್ಲಿ. ಜನಾಂಗೀಯ ಅನ್ಯಾಯದ ವಿರುದ್ಧದ ಹೋರಾಟದ ಛಾಯಾಚಿತ್ರ ಪರಂಪರೆ ನಿಂತಿದ್ದೇ ಮುಖದ ಮೇಲೆ. 1963ರ ಮೇ 3ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಲ್ ಹಡ್ಸನ್ ತೆಗೆದ ಚಿತ್ರವನ್ನೇ ನೋಡಿ. ಪೊಲೀಸ್ ನಾಯಿ ಹದಿಹರೆಯದ ಕಪ್ಪು ಹುಡುಗನ ಹೊಟ್ಟೆಗೆ ಬಾಯಿ ಹಾಕಿದೆ, ಹುಡುಗನ ಮುಖ ಶಾಂತವಾಗಿ ಕೆಳಗೆ ಬಾಗಿದೆ. ಮರುದಿನ ಅದು ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿತ್ತು. ಆ ಮುಖದ ತಾಳ್ಮೆಯನ್ನು ಕಂಡು ದೇಶ ಕರಗಿತು ಎನ್ನುವುದು ಚರಿತ್ರೆಯ ಜನಪ್ರಿಯ ಆವೃತ್ತಿ. ಆದರೆ ಗಮನವಿಟ್ಟು ನೋಡಿದರೆ ಹುಡುಗನ ಮೊಣಕಾಲು ನಾಯಿಗೆ ಎದುರಾಗಿ ಎದ್ದಿದೆ, ಒಂದು ಕೈ ಪೊಲೀಸನ ಕೈಯನ್ನು ಹಿಡಿದಿದೆ. ಅವನು ಮೆರವಣಿಗೆಗೆ ಸೇರಿದವನೂ ಅಲ್ಲ, ನೋಡಲು ಬಂದು ನಿಂತಿದ್ದವನು. ಕಲಾ ಇತಿಹಾಸಕಾರ ಮಾರ್ಟಿನ್ ಬರ್ಗರ್ 'ಸೀಯಿಂಗ್ ಥ್ರೂ ರೇಸ್' ಪುಸ್ತಕದಲ್ಲಿ ಎತ್ತುವ ತಕರಾರು ಇಲ್ಲಿಗೆ ಹೊಂದುತ್ತದೆ. ಬಿಳಿಯ ಸಂಪಾದಕರು ಮತ್ತೆ ಮತ್ತೆ ಆರಿಸಿಕೊಂಡದ್ದು ಪೆಟ್ಟು ತಿನ್ನುವ ಕಪ್ಪು ದೇಹವನ್ನು, ತಿರುಗಿ ನಿಂತದ್ದನ್ನಲ್ಲ. ನೋಡುವವರ ಕರುಣೆಗೆ ಸಿಗುವ ಮುಖವೇ ಬೇಕಾಗಿತ್ತು.

2020ರಲ್ಲಿ ಆ ಮುಖವೇ ಸಿಗಲಿಲ್ಲ. ಮೂಗು, ಬಾಯಿ, ಗಲ್ಲ ಎಲ್ಲ ಬಟ್ಟೆಯ ಹಿಂದೆ. ಘೋಷಣೆ ಕೂಗುವ ತೆರೆದ ಬಾಯಿ ಹೋರಾಟದ ಚಿತ್ರಗಳ ಹಳೆಯ ಸವಕಲು ನಾಣ್ಯ. ಅದು ಚಲಾವಣೆಯಿಂದ ಹೋಯಿತು. ಬದಲಿಗೆ ಬಂದದ್ದು ಕಣ್ಣು, ಎತ್ತಿದ ಮುಷ್ಟಿ, ರಟ್ಟಿನ ಮೇಲೆ ಕೈಯಲ್ಲಿ ಬರೆದ ಅಕ್ಷರ. ಮಾಸ್ಕೇ ಫಲಕವಾಯಿತು. 'ಉಸಿರಾಡಲು ಆಗುತ್ತಿಲ್ಲ' ಎಂಬ ಮಾತು 2014ರಲ್ಲಿ ಎರಿಕ್ ಗಾರ್ನರ್ ಸಾಯುವಾಗ ಹೇಳಿದ್ದು, ಫ್ಲಾಯ್ಡ್ ಕೂಡ ಹೇಳಿದ್ದು. ಅದನ್ನು ಬಾಯಿಯ ಮೇಲೆಯೇ ಬರೆದುಕೊಂಡು ಜನ ನಡೆದರು. ಇಂಥ ಚಿತ್ರಗಳ ಎದುರು ಕರುಣೆ ಸುಲಭವಲ್ಲ, ಮೊದಲು ಓದಬೇಕು. ನನಗೆ ಇದು ನಷ್ಟವಾಗಿ ಕಾಣುವುದಿಲ್ಲ.

ಛಾಯಾಗ್ರಾಹಕರಿಗೆ ಇನ್ನೊಂದು ಇಕ್ಕಟ್ಟಿತ್ತು. ಹತ್ತಿರ ಹೋಗು ಎನ್ನುವುದು ಈ ಕಸುಬಿನ ಹಳೆಯ ಪಾಠ. ದೂರ ನಿಲ್ಲು ಎನ್ನುವುದು ಆ ವರ್ಷದ ಆದೇಶ. ದೂರ ನಿಂತು ಟೆಲಿಫೋಟೊ ಲೆನ್ಸ್ ಹಾಕಿದರೆ ಹಿಂದುಮುಂದಿನ ಅಂತರ ಕುಗ್ಗಿ, ಬಿಡಿಬಿಡಿಯಾಗಿ ನಿಂತವರೂ ಒಬ್ಬರಿಗೊಬ್ಬರು ಅಂಟಿಕೊಂಡಂತೆ ಕಾಣುತ್ತಾರೆ. ಆ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನ ಇಬ್ಬರು ಪತ್ರಿಕಾ ಛಾಯಾಗ್ರಾಹಕರು ಕೋಪನ್‌ಹೇಗನ್‌ನ ಒಂದೇ ಸ್ಥಳದ ಜನರನ್ನು ಎರಡು ಬಗೆಯ ಲೆನ್ಸಿನಲ್ಲಿ ತೆಗೆದು ಈ ವ್ಯತ್ಯಾಸ ತೋರಿಸಿದ್ದರು. ಆ ದಿನಗಳಲ್ಲಿ ಗುಂಪಿನ ಚಿತ್ರವೆಂದರೆ ಅರ್ಧ ಆರೋಪಪತ್ರ. ಲೆನ್ಸಿನ ಆಯ್ಕೆಯೇ ಪ್ರತಿಭಟನೆಯನ್ನು ರೋಗ ಹರಡುವ ಸಂತೆಯನ್ನಾಗಿ ಮಾಡಬಲ್ಲದಾಗಿತ್ತು.

ಕನ್ನಡದಲ್ಲಿ ನಾವು ಚಿತ್ರವನ್ನು 'ಸೆರೆಹಿಡಿಯುತ್ತೇವೆ'. ಪತ್ರಿಕೆಗಳು ದಿನವೂ ಬಳಸಿ ಸವೆಸಿದ ಈ ಮಾತಿಗೆ ಆ ಬೇಸಿಗೆಯಲ್ಲಿ ಅಕ್ಷರಶಃ ಅರ್ಥ ಬಂತು. ಚಿತ್ರಗಳನ್ನು ಪೊಲೀಸರೂ ನೋಡುತ್ತಾರೆ, ಪ್ರತಿಭಟನಾಕಾರರ ಮುಖ ಮಸುಕಾಗಿಸಿ ಎಂಬ ಒತ್ತಾಯ ಎದ್ದಿತು. ಜೂನ್ ಮೊದಲ ವಾರದಲ್ಲೇ ಸಿಗ್ನಲ್ ಆ್ಯಪ್ ಮುಖ ಮಸುಕಾಗಿಸುವ ಸೌಲಭ್ಯ ಕೊಟ್ಟಿತು. ಸುದ್ದಿಚಿತ್ರವನ್ನು ತಿದ್ದಿದರೆ ಅದು ಸಾಕ್ಷಿಯಾಗಿ ಉಳಿಯುವುದಿಲ್ಲ ಎಂದು ಅನೇಕ ಪತ್ರಿಕಾ ಛಾಯಾಗ್ರಾಹಕರು ಒಪ್ಪಲಿಲ್ಲ. ಅವರ ವಾದದಲ್ಲಿ ಹುರುಳಿದೆ. ಅಷ್ಟಕ್ಕೂ ಫ್ಲಾಯ್ಡ್ ಸಾವು ಲೋಕಕ್ಕೆ ಗೊತ್ತಾದದ್ದು 17ರ ಹುಡುಗಿಯೊಬ್ಬಳು ಫೋನಿನಲ್ಲಿ ಯಾವುದನ್ನೂ ಮಸುಕಾಗಿಸದೆ ತೆಗೆದ ವಿಡಿಯೊದಿಂದ. ಆದರೆ ಅಲ್ಲಿ ಕಂಡ ಮುಖ ಅಧಿಕಾರದ್ದು. ಅಧಿಕಾರದ ಮುಖವನ್ನು ತೋರಿಸುವುದೂ ಅದರ ಎದುರು ನಿಂತವರ ಮುಖವನ್ನು ತೋರಿಸುವುದೂ ಒಂದೇ ನಿಯಮಕ್ಕೆ ಒಳಪಡಬೇಕು ಎನ್ನುವುದನ್ನು ನಾನು ಒಪ್ಪಲಾರೆ.

ಇನ್ನು ಮಾಸ್ಕ್ ಕಾಪಾಡಿತೇ? ಫಿಲಡೆಲ್ಫಿಯಾದಲ್ಲಿ ಪೊಲೀಸ್ ಕಾರುಗಳಿಗೆ ಬೆಂಕಿಯಿಟ್ಟ ಆರೋಪ ಹೊತ್ತ ಮಹಿಳೆಯ ಮುಖ ಮುಚ್ಚಿತ್ತು, ಕಣ್ಣಿಗೂ ಗಾಗಲ್ ಇತ್ತು. ಸುದ್ದಿವಾಹಿನಿಯ ದೃಶ್ಯ, ಇನ್‌ಸ್ಟಾಗ್ರಾಮಿನ ಚಿತ್ರ, ತೋಳಿನ ಹಚ್ಚೆ, ಆನ್‌ಲೈನಿನಲ್ಲಿ ಕೊಂಡ ಟೀ ಶರ್ಟು, ಇವುಗಳ ಜಾಡು ಹಿಡಿದು ಎಫ್‌ಬಿಐ ಅವಳನ್ನು ಪತ್ತೆಮಾಡಿತು. ಮಸುಕಾಗಿಸಬೇಕಾದದ್ದು ಮುಖವಷ್ಟೇ ಎಂದುಕೊಂಡವರಿಗೆ ಟೀ ಶರ್ಟಿನ ಮೇಲಿನ ಬರಹ ಹೊಳೆದಿರಲಿಲ್ಲ.

ಪ್ರತಿಭಟನೆ ಅಮೆರಿಕವನ್ನು ದಾಟಿ ಬ್ರಿಟನ್ನಿಗೂ ಹಬ್ಬಿದಾಗ ಲೋಕ ಎದೆಗಪ್ಪಿಕೊಂಡ ಚಿತ್ರ ಯಾವುದು? ಜೂನ್ 13ರಂದು ಲಂಡನ್ನಿನಲ್ಲಿ ರಾಯಿಟರ್ಸ್‌ನ ಡೈಲನ್ ಮಾರ್ಟಿನೆಜ್ ತೆಗೆದದ್ದು. ಕಪ್ಪು ಮನುಷ್ಯ ಪ್ಯಾಟ್ರಿಕ್ ಹಚಿನ್ಸನ್, ಎದುರು ಗುಂಪಿನ ಗಾಯಗೊಂಡ ಬಿಳಿಯನೊಬ್ಬನನ್ನು ಹೆಗಲ ಮೇಲೆ ಹೊತ್ತು ಬರುತ್ತಿರುವ ಚಿತ್ರ. ಇಲ್ಲಿ ಮುಖ ಸ್ಪಷ್ಟವಾಗಿದೆ, ಬೇಗ ಇಷ್ಟವಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಹುಡುಗನಲ್ಲಿ ತಾಳ್ಮೆ ಹುಡುಕಿದ ಕಣ್ಣೇ ಇಲ್ಲಿ ಕ್ಷಮೆಯನ್ನು ಕಂಡು ಸಮಾಧಾನಪಟ್ಟಿತು. ಹಚಿನ್ಸನ್ ಮಾತ್ರ ಬೇರೆಯದನ್ನೂ ಹೇಳಿದ್ದರು: ತಾನೂ ಗೆಳೆಯರೂ ಆ ದಿನ ಅಲ್ಲಿಗೆ ಹೋದದ್ದು ಬೀದಿಗಿಳಿದ ಕಪ್ಪು ಹುಡುಗರು ತೊಂದರೆಗೆ ಸಿಕ್ಕಿಕೊಳ್ಳದಂತೆ ಕಾಯುವುದಕ್ಕೆ. ಆ ಬಿಳಿಯ ಅಲ್ಲೇ ಸತ್ತಿದ್ದರೆ ಕೊಲೆಯ ಆರೋಪ ಯಾರ ತಲೆಗೆ ಬರುತ್ತಿತ್ತು ಎನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.