ತಮಟೆಗೆ ಪದ್ಮಶ್ರೀ ಬಂತು, ಆಮೇಲೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ನಮಗೆ ಹೆಮ್ಮೆಯೇ. ಆದರೆ 'ಜಾನಪದ ಕಲೆ' ಅಂತ ಹೊಗಳಿ ಸುಮ್ಮನಾಗುವವರನ್ನು ನಾವು ಕೇಳುತ್ತೇವೆ: ಹೆಣದ ಮುಂದೆ ಹೊಡಿ, ಊರಿಗೆಲ್ಲ ಸಾರು ಅಂತ ಕರೆದದ್ದು ಕಲಾವಿದನನ್ನೋ, ಅವನ ಜಾತಿಯನ್ನೋ?

ಚರ್ಮವನ್ನು ಬೆಂಕಿಗೆ ಹಿಡಿದು ಕಾಸಿ, ಎರಡೇ ಕಡ್ಡಿಯಲ್ಲಿ ಗತ್ತಿನ ಮೇಲೆ ಗತ್ತು ಬದಲಿಸುವುದು ವಿದ್ಯೆ. ಬರಲ್ಲ ಅಂದವನಿಗೆ ಬಹಿಷ್ಕಾರ ಹಾಕುವುದು ದಬ್ಬಾಳಿಕೆ. ಇವೆರಡನ್ನೂ ಬೇರೆ ಮಾಡಿ ತೋರಿಸದ ವಿಮರ್ಶೆ ಯಾಕೆ ಬೇಕು?

ಹಳ್ಳಿ ಬಿಟ್ಟು ಪೀಣ್ಯ, ವೈಟ್‌ಫೀಲ್ಡಿಗೆ ದುಡಿಯಲು ಬಂದ ನಮ್ಮ ಹುಡುಗರು ಕಾರ್ಮಿಕರ ಮೆರವಣಿಗೆಯಲ್ಲಿ ತಾವಾಗಿಯೇ ತಮಟೆ ಹಿಡೀತಾರೆ. ಎಲ್ಲಿ ಹೊಡೀಬೇಕು, ಎಲ್ಲಿ ಹೊಡೀಬಾರದು ಅನ್ನೋದನ್ನ ಹೊಡೆಯುವವನೇ ತೀರ್ಮಾನಿಸಿದ ದಿನ, ಆ ಪದ್ಮಶ್ರೀ ಇಡೀ ಕೇರಿಗೆ ಸಂದೀತು.