ಎರಡು ತುದಿಗೆ ಮಾತ್ರ

ಹಳೇ ಸ್ಕಝಿ ಹಾರ್ಡ್ ಡಿಸ್ಕ್ ಬಗ್ಗೆ ಹಾರ್ಡ್‌ವೇರ್ ಮಂದಿಯಲ್ಲಿ ಒಂದು ಜೋಕ್ ಅದ: ಅದು ನಡೀಬೇಕಂದ್ರ ಮೇಕೆ ಬಲಿ ಕೊಡಬೇಕು. ನಗು ಬರ್ತದ, ಖರೆ. ಆದರ ನನ್ನ ತಕರಾರು ಈ ಜೋಕಿನ ಮ್ಯಾಲೇ. ಮಾಟ-ಮಂತ್ರ ಅಂತ ನಕ್ಕುಬಿಟ್ಟರೆ ವಿನ್ಯಾಸ ಮಾಡಿದವರನ್ನು ಕೇಳಬೇಕಾದ ಪ್ರಶ್ನೆ ಹಂಗೇ ಉಳೀತದ.

ಇದರಾಗ ಮಂತ್ರ ಏನೂ ಇಲ್ಲ. ನಮ್ಮ ಮಾದನಹಿಪ್ಪರಗಾ ಕಡೆ ಬಂದು ಬೇವಿನ ಮರಕ್ಕ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಝಾಡಿಸಿ ನೋಡ್ರಿ. ಅಲೆ ಮರದ ತನಕ ಹೋಗಿ ವಾಪಸ್ ಬರ್ತದ. ಕೇಬಲ್ಲಿನ ಸಿಗ್ನಲ್ಲೂ ಅಷ್ಟೇ. ವಾಪಸ್ ಬಂದದ್ದು ಮುಂದಿನ ಸಿಗ್ನಲ್ಲಿಗೆ ಡಿಕ್ಕಿ ಹೊಡೆಯುತ್ತದೆ. ಟರ್ಮಿನೇಟರ್ ಅಂದ್ರ ಆ ಅಲೆಯನ್ನು ತುದಿಯಲ್ಲೇ ನುಂಗುವ ರೆಸಿಸ್ಟರುಗಳು. ಅದಕ್ಕೇ ಕೇಬಲ್ಲಿನ ಎರಡು ತುದಿಗೆ ಬೇಕು, ನಡುವಿನ ಡಿಸ್ಕುಗಳಿಗೆ ಬೇಡ.

ಹೆಚ್ಚಿಗೆ ಒಂದಿದ್ದರೆ ಏನಾಗ್ತದ? 1986ರ ಮಾನದಂಡದ ಪ್ರಕಾರ ಪ್ರತಿ ಲೈನಿಗೆ 5 ವೋಲ್ಟ್ ಕಡೆ 220 ಓಮ್, ಗ್ರೌಂಡ್ ಕಡೆ 330 ಓಮ್. ಲೈನನ್ನು ಸೊನ್ನೆಗೆ ಎಳೆದಾಗ ಒಂದೊಂದು ಟರ್ಮಿನೇಟರಿನಿಂದ ಸುಮಾರು 22 ಮಿಲಿಆಂಪ್ ಹರಿಯುತ್ತದೆ. ಡ್ರೈವರ್ ತಾಳಬೇಕಾದ್ದು 48. ಎರಡಕ್ಕೆ ಲೆಕ್ಕ ಸರಿ, ಮೂರಕ್ಕೆ ಮೀರಿತು.

ನಿಯಮ ಸರಿ ಅದ. ಅದನ್ನು ಜಾರಿ ಮಾಡಿದ ರೀತಿ ಸರಿ ಇಲ್ಲ. ತುದಿ ಯಾವುದು ಅಂತ ನಿರ್ಧರಿಸೋದು ಕೇಬಲ್. ಅದರ ಜಂಪರ್ ಇರೋದು ಮಾತ್ರ ಡಿಸ್ಕಿನ ಮೈಮೇಲೆ. ಡಿಸ್ಕಿನ ಜಾಗ ಬದಲಿಸಿದರೆ ಜಂಪರೂ ಬದಲಿಸಬೇಕು. ಹೊರಗೆ ಇನ್ನೊಂದು ಡಬ್ಬಿ ಜೋಡಿಸಿದರೆ ಕಾರ್ಡೇ ನಡುವಿಗೆ ಬಂತು. ಅದರ ಟರ್ಮಿನೇಶನ್ ತೆಗೀಬೇಕು. 0ಯಿಂದ 7ರ ತನಕದ ಐಡಿ ನಂಬರಿಗೂ ತುದಿಗೂ ಸಂಬಂಧವೇ ಇಲ್ಲ. ಆದರ ಎರಡಕ್ಕೂ ಅಂಥವೇ ಪಿನ್ನು, ಅಂಥವೇ ಜಂಪರು.

ಎಲ್ಲಕ್ಕಿಂತ ಕೆಟ್ಟದ್ದೇನಂದ್ರ, ಸೆಟ್ಟಿಂಗ್ ತಪ್ಪಿದರೂ ಕಂಪ್ಯೂಟರ್ ಬಾಯಿ ಬಿಟ್ಟು ಹೇಳೋದಿಲ್ಲ. ಬೂಟ್ ಆಗಬಹುದು, ವಾರಗಟ್ಟಲೆ ನಡೀಬಹುದು. ಕೆಲಸ ಜಾಸ್ತಿಯಾದ ದಿನ ಫೈಲು ಕೆಡ್ತದ. ಯಾರದೋ ವರ್ಷಗಳ ಲೆಕ್ಕಪತ್ರ ಹೋದ ಮೇಲೆ ಬೈಸಿಕೊಳ್ಳೋದು ಡಿಸ್ಕು.

ನಾನು ಬಿಇ ಓದುವಾಗ ಕೇಬಲ್ಲಿನ ಇಂಪೀಡೆನ್ಸ್ ಒಂದು ಪೇಪರು, ಡಿಸ್ಕು ಇನ್ನೊಂದು. ಎರಡಕ್ಕೂ ಗಂಟು ಹಾಕಿ ಯಾರೂ ತೋರಿಸಲಿಲ್ಲ.

ಕೊನೆಗೆ ಪರಿಹಾರ ಬಂದದ್ದು ಮ್ಯಾನುಯಲ್ ದಪ್ಪ ಮಾಡಿ ಅಲ್ಲ. ಮುಂದಿನ ಎಲ್‌ವಿಡಿ ಡಿಸ್ಕುಗಳು ಟರ್ಮಿನೇಟರನ್ನು ತಮ್ಮ ಮೈಯಿಂದ ಇಳಿಸಿ ಕೇಬಲ್ಲಿನ ತುದಿಗೇ ಕಳಿಸಿದವು. ಆಮೇಲೆ ಸಾಟಾ ಬಂತು: ಒಂದು ಡಿಸ್ಕಿಗೆ ಒಂದು ಕೇಬಲ್, ಜಂಪರಿನ ಪ್ರಶ್ನೆಯೇ ಇಲ್ಲ. ಬಳಸುವವರು ಅದೇ ಮಂದಿ. ವಿನ್ಯಾಸಕ್ಕೆ ಬುದ್ಧಿ ಬಂತು, ಅಷ್ಟೇ.

ನಾವೂ ಇವತ್ತು ದಿನಾ ಹತ್ತಾರು ಕಾನ್ಫಿಗ್ ಬರೀತೀವಿ. ಒಂದು ಸರ್ವರ್ ಸೇರಿಸಿದರೆ ಉಳಿದವುಗಳ ಸೆಟ್ಟಿಂಗ್ ಸುಮ್ಮನೆ ತಪ್ಪಾಗ್ತದ ಅಂದ್ರ, ಅದೂ ಒಂದು ಸ್ಕಝಿ ಜಂಪರೇ. ‘ಡಾಕ್ಯುಮೆಂಟಿನಲ್ಲಿ ಬರೆದಿದ್ದೆವಲ್ಲ’ ಅನ್ನೋದು ಉತ್ತರ ಅಲ್ಲರೀ.