ಹಸಿವಿನ ಕಥೆಯಲ್ಲಿ ಎರಡನೆಯವಳು

1921ರ ವಸಂತದಲ್ಲಿ ಸ್ವಿಟ್ಜರ್‌ಲೆಂಡಿನ ಕ್ರೂಟ್ಸ್‌ಲಿಂಗೆನ್ ಊರಿನ ಬೆಲ್ವ್ಯೂ ಮಾನಸಿಕ ಚಿಕಿತ್ಸಾಲಯದಿಂದ 33 ವರ್ಷದ ಹೆಂಗಸೊಬ್ಬಳನ್ನು ಮನೆಗೆ ಕಳಿಸಿಕೊಟ್ಟರು. ಊಟದ ಭಯ, ದಪ್ಪಗಾಗುವ ಭಯ, ಅದರ ಜೊತೆಗೇ ದಿನವಿಡೀ ಊಟದ್ದೇ ಧ್ಯಾನ ಅವಳನ್ನು ವರ್ಷಗಟ್ಟಲೆ ಹಿಂಡಿಹಾಕಿದ್ದವು. ಮನೆಗೆ ಬಂದ ಮೂರನೆಯ ದಿನ ಅವಳು ಬೇರೆಯೇ ಆದವಳಂತೆ ಕಂಡಳು. ಬೆಳಿಗ್ಗೆ ಬೆಣ್ಣೆ, ಸಕ್ಕರೆ ತಿಂದಳು. 13 ವರ್ಷಗಳಲ್ಲಿ ಮೊದಲ ಸಲ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದಳು. ಗಂಡನ ಜೊತೆ ಸುತ್ತಾಡಿ ಬಂದಳು, ಕವಿತೆ ಓದಿದಳು, ಪತ್ರಗಳನ್ನು ಬರೆದಳು. ಅದೇ ರಾತ್ರಿ ಸಾವನ್ನು ತಾನೇ ತಂದುಕೊಂಡಳು.

ಅವಳನ್ನು ನೋಡಿಕೊಂಡಿದ್ದ ವೈದ್ಯ ಲುಡ್ವಿಗ್ ಬಿನ್ಸ್‌ವಾಂಗರ್ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, 1944–45ರಲ್ಲಿ, ಅವಳಿಗೆ ‘ಎಲೆನ್ ವೆಸ್ಟ್’ ಎಂದು ಹೆಸರಿಟ್ಟು ಪ್ರಕರಣವನ್ನು ಪ್ರಕಟಿಸಿದ. ಅಸ್ತಿತ್ವವಾದಿ ಮನೋವೈದ್ಯಶಾಸ್ತ್ರದ ಬಹು ಪ್ರಸಿದ್ಧ ಪ್ರಕರಣ ಅದು. ಅದರ ಮೇಲೆ ಆಮೇಲೆ ಬಂದ ಬರಹಗಳೂ ಕಡಿಮೆಯಿಲ್ಲ. ಕಾರ್ಲ್ ರೋಜರ್ಸ್ ಅವಳ ಒಂಟಿತನದ ಬಗ್ಗೆ ಬರೆದು, ವೈದ್ಯರು ಅವಳನ್ನು ಮನುಷ್ಯಳಂತೆ ಕಾಣದೆ ವಸ್ತುವಿನಂತೆ ಕಂಡರು ಎಂದು ಆಕ್ಷೇಪಿಸಿದ. ಆದರೆ ಬಿನ್ಸ್‌ವಾಂಗರ್ ದಾಖಲಿಸಿದ ಒಂದು ವಿವರವನ್ನು ಬಹಳ ಓದುಗರು ದಾಟಿಕೊಂಡು ಹೋಗುತ್ತಾರೆ. ಆ ದಿನ ಅವಳು ಬರೆದ ಕಟ್ಟಕಡೆಯ ಪತ್ರ ಅಪ್ಪ ಅಮ್ಮನಿಗಲ್ಲ, ವೈದ್ಯನಿಗೂ ಅಲ್ಲ. ಚಿಕಿತ್ಸಾಲಯದಲ್ಲಿ ತನಗೆ ಬಹಳ ಹತ್ತಿರವಾಗಿದ್ದ ಇನ್ನೊಬ್ಬ ರೋಗಿಗೆ ಬರೆದಳು. ಆ ಇನ್ನೊಬ್ಬಳಿಗೆ ಪ್ರಕರಣದಲ್ಲಿ ಒಂದು ಕಟ್ಟುಹೆಸರೂ ಇಲ್ಲ.

ಅಮೆರಿಕದ ಕವಿ ಫ್ರ್ಯಾಂಕ್ ಬಿಡಾರ್ಟ್ 1977ರಲ್ಲಿ ‘ಎಲೆನ್ ವೆಸ್ಟ್’ ಎಂಬ ದೀರ್ಘ ಕವಿತೆಯನ್ನು ಪ್ರಕಟಿಸಿದ. ಅವನು ಈ ವಿವರವನ್ನು ದಾಟಿ ಹೋಗಲಿಲ್ಲ. ಕವಿತೆ ಮುಗಿಯುವುದೇ ಆ ಪತ್ರದಲ್ಲಿ. ಹರೆಯದಲ್ಲಿ ಗೆಳತಿಯರ ಜೊತೆ ಚಾರಣಕ್ಕೆ ಹೋದಾಗ ಅವರೆಲ್ಲ ದಣಿವಾರಿಸಿಕೊಳ್ಳಲು ಕೂತರೆ ತಾನು ಮಾತ್ರ ಅವರ ಸುತ್ತ ಸುತ್ತುತ್ತಲೇ ಇದ್ದದ್ದನ್ನು ಎಲೆನ್ ನೆನೆಯುತ್ತಾಳೆ. ಕೂತರೆ ದಪ್ಪಗಾಗಿಬಿಟ್ಟೇನು ಎಂಬ ಭಯ. ಮುಂದೆ ಒಬ್ಬಳೇ ನಡೆದುಹೋಗಲೂ ಭಯ. ನೀನು ಮತ್ತು ನನ್ನ ಗಂಡ ನನ್ನನ್ನು ಮೆಲ್ಲಮೆಲ್ಲಗೆ ಆ ವೃತ್ತದೊಳಗೆ ಕರೆದು ಕೂರಿಸಿದಿರಿ ಎಂದು ಕೃತಜ್ಞತೆ ಹೇಳಿ, ಆದರೂ ತನ್ನೊಳಗೆ ಏನೋ ಒಂದು ಒಪ್ಪುತ್ತಿಲ್ಲ ಅನ್ನುತ್ತಾಳೆ. ಪತ್ರದ ಮಾತು ಕವಿಯ ಕಲ್ಪನೆ. ಪ್ರಕರಣ ಹೆಸರನ್ನೂ ಕೊಡದವಳಿಗೆ ಕವಿತೆ ಕೊನೆಯ ಪುಟವನ್ನು ಕೊಟ್ಟಿದೆ ಅನ್ನುವುದು ನನಗೆ ಮುಖ್ಯ.

ಊಟದ ಕಾಯಿಲೆಗಳ ಬಗ್ಗೆ (ಅನೊರೆಕ್ಸಿಯಾ, ಬುಲಿಮಿಯಾ, ಮಿತಿಯಿಲ್ಲದೆ ತಿಂದು ಕೊರಗುವ ಬಿಂಜ್ ಈಟಿಂಗ್ ಎಲ್ಲ ಸೇರಿ, ಗಂಡಸರಿಗೂ ಇವು ಬರುತ್ತವೆ) ಸಾಹಿತ್ಯದಲ್ಲಿ ಇರುವುದನ್ನು ಕಳೆದ ಎರಡು ವರ್ಷಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಒಂದು ಅನುಮಾನ ಗಟ್ಟಿಯಾಗುತ್ತಿದೆ. ಹಸಿವಿನ ಕಥೆಗಳಲ್ಲಿ ನೋಡುವವರು ಬೇಕಾದಷ್ಟಿದ್ದಾರೆ. ವೈದ್ಯರು, ಗಂಡಂದಿರು, ಅಮ್ಮಂದಿರು, ಪ್ರೇಕ್ಷಕರು, ಕೊನೆಗೆ ಓದುಗರಾದ ನಾವು. ಅದೇ ದಾರಿಯಲ್ಲಿ ನಡೆದು, ಒಂದಿಷ್ಟು ದೂರ ದಾಟಿ, ಹಿಂದೆ ಬರುತ್ತಿರುವವಳ ಪಕ್ಕ ಬಂದು ಕೂರುವವಳು ಮಾತ್ರ ಅಂಚಿನಲ್ಲಿ ಎಲ್ಲೋ ಕಾಣಿಸಿ ಮರೆಯಾಗುತ್ತಾಳೆ.

ಕಾಫ್ಕಾನ ‘ಹಸಿವಿನ ಕಲಾವಿದ’ (1922) ಇಂಥ ನೋಟದ ಕಥೆ. ಪಂಜರದಲ್ಲಿ ಕೂತು ಉಪವಾಸವನ್ನೇ ಪ್ರದರ್ಶನಕ್ಕಿಡುವವನು ಕಳ್ಳತನದಲ್ಲಿ ಏನಾದರೂ ತಿಂದಾನೆಂದು ಸರದಿಯ ಮೇಲೆ ಮೂರು ಮೂರು ಜನ ಕಾವಲಿರುತ್ತಾರೆ. ಅವರು ಸಾಮಾನ್ಯವಾಗಿ ಕಸಾಯಿಗಳು! ಬೆಳಗಾದ ಮೇಲೆ ಅವರಿಗೆ ಭರ್ಜರಿ ತಿಂಡಿ, ಅದರ ಖರ್ಚು ಅವನದೇ. ತಿನ್ನದವನು ತಿನ್ನುವವರನ್ನು ನೋಡಿ ಪಡುವ ಖುಷಿ ಕಾಫ್ಕಾನಿಗೆ ಹೇಗೆ ತಿಳಿಯಿತೋ. ಮನೆಮಂದಿಗೆಲ್ಲ ಬಡಿಸಿ ಬಡಿಸಿ ತಾನು ಮಾತ್ರ ಮುಟ್ಟದ ಹುಡುಗಿಯನ್ನು ನೋಡಿದವರು ಈ ಸಾಲುಗಳಲ್ಲಿ ತಟ್ಟನೆ ನಿಲ್ಲುತ್ತಾರೆ. ಇಡೀ ಕಥೆಯಲ್ಲಿ ಅವನು ಒಬ್ಬನಿಗೆ ಮನಸ್ಸು ಬಿಚ್ಚಿ ಮಾತಾಡುವುದು ಒಂದೇ ಸಲ. ಸಾಯುವ ಹೊತ್ತಿಗೆ, ಸರ್ಕಸ್ಸಿನ ಮೇಲ್ವಿಚಾರಕನ ಕಿವಿಯ ಹತ್ತಿರ ತುಟಿ ತಂದು, ತನಗೆ ರುಚಿಸುವ ಆಹಾರ ಎಲ್ಲೂ ಸಿಗಲಿಲ್ಲ, ಸಿಕ್ಕಿದ್ದರೆ ಎಲ್ಲರ ಹಾಗೆ ತಿಂದಿರುತ್ತಿದ್ದೆ ಎಂಬ ಅರ್ಥದ ಮಾತು ಹೇಳುತ್ತಾನೆ. ಕೇಳಿಸಿಕೊಳ್ಳುತ್ತಿರುವವನು ಅದಕ್ಕೆ ಮೊದಲೇ ಇವನ ತಲೆ ಕೆಟ್ಟಿದೆಯೆಂದು ಸಿಬ್ಬಂದಿಗೆ ಸನ್ನೆ ಮಾಡಿಯಾಗಿದೆ.

ಕಾವಲು ಮತ್ತು ಜೊತೆ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣಬಹುದು. 1944–45ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದ. ಯುದ್ಧದಲ್ಲಿ ಕೊಲ್ಲಲು ಒಪ್ಪದೆ ಸ್ವಯಂಸೇವಕರಾಗಿ ಬಂದವರು ಅವರು. ಹಸಿವು ಹೆಚ್ಚಿದಂತೆ ಅವರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ಊಟವನ್ನು ಗಂಟೆಗಟ್ಟಲೆ ಎಳೆಯತೊಡಗಿದರು, ಮಂಕಾದರು. ಅನೊರೆಕ್ಸಿಯಾದವರ ಸ್ವಭಾವ ಎಂದುಕೊಂಡಿದ್ದರಲ್ಲಿ ಬಹಳಷ್ಟು ಉಪವಾಸದ ಪರಿಣಾಮವೇ ಎಂದು ಆಮೇಲೆ ವೈದ್ಯರಿಗೆ ಮನಗಾಣಿಸಿದ ಪ್ರಯೋಗ ಇದು. ಕೆಲವರು ಹೊರಗೆ ಕದ್ದು ತಿಂದದ್ದು ಗೊತ್ತಾದ ಮೇಲೆ, ಯಾರೂ ಒಂಟಿಯಾಗಿ ಹೊರಗೆ ಹೋಗುವ ಹಾಗಿಲ್ಲ, ಜೊತೆಗೊಬ್ಬ ಇರಲೇಬೇಕು ಎಂದು ನಿಯಮ ಮಾಡಿದರು. ಆ ಜೊತೆಯವನೂ ಅಷ್ಟೇ ಹಸಿದವನು. ಆದರೆ ಅವನು ಪ್ರಯೋಗಾಲಯದ ಪರವಾಗಿ ಪಕ್ಕದಲ್ಲಿದ್ದ, ಗೆಳೆಯನ ಪರವಾಗಿ ಅಲ್ಲ.

ಹಾಗಾದರೆ ನಿಜವಾದ ಜೊತೆ ಯಾವುದು? ಪೀರ್ ಸಪೋರ್ಟ್ ಎಂದು ಇಂಗ್ಲಿಷಿನಲ್ಲಿ ಕರೆಯುವ ಈ ಪದ್ಧತಿಯ ಒಂದು ಬೇರು 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಗಂಟೆಗಟ್ಟಲೆ ಮಾತಾಡಿದ್ದರಲ್ಲಿದೆ. ಅಲ್ಲಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಮೊದಲೇ ಬಿಟ್ಟವನು ಬಿಡುತ್ತಿರುವವನಿಗೆ ಸ್ಪಾನ್ಸರ್ ಆಗುವ ಏರ್ಪಾಡು ಬೆಳೆಯಿತು. 1960ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದ ಓವರ್‌ಈಟರ್ಸ್ ಅನಾನಿಮಸ್ ಅದನ್ನೇ ಊಟಕ್ಕೂ ತಂದಿತು. ಆದರೆ ಊಟ ಹೆಂಡದಂತಲ್ಲ. ಬಾಟಲಿಯನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಪಣ ತೊಡಬಹುದು. ತಟ್ಟೆಯ ವಿಷಯದಲ್ಲಿ ಆ ಸೌಲಭ್ಯ ಇಲ್ಲ. ಯಾವುದು ಕೊಲ್ಲುತ್ತಿದೆಯೋ ಅದರ ಎದುರಿಗೇ ದಿನಕ್ಕೆ ಮೂರು ಹೊತ್ತು ಹೋಗಿ ಕೂರಬೇಕು. ಸ್ಪಾನ್ಸರ್ ‘ಇವತ್ತು ಮುಟ್ಟಬೇಡ’ ಅಂದರೆ ಸಾಕು. ಇಲ್ಲಿಯ ಜೊತೆಗಾರ್ತಿ ‘ಇವತ್ತೂ ಮುಟ್ಟು’ ಅನ್ನಬೇಕು, ಮುಟ್ಟಿದ ಮೇಲೆ ಏಳುವ ನಾಚಿಕೆ ಇಳಿಯುವವರೆಗೂ ಕಾಯಬೇಕು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಇಂಥ ಒಬ್ಬರಿಗೊಬ್ಬರ ಯೋಜನೆಯೊಂದಿದೆ. ಗುಣವಾದವರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯಿಂದ ಹೊರಬಂದವರ ಜೊತೆ ತಿಂಗಳುಗಳ ಕಾಲ ಭೇಟಿ ಮಾಡಿಸುತ್ತಾರೆ. ವೈದ್ಯರ ಜಾಗದಲ್ಲಿ ಇವರಿಲ್ಲ. ಅನೊರೆಕ್ಸಿಯಾ ಮನೋರೋಗಗಳಲ್ಲೇ ಅತಿ ಹೆಚ್ಚು ಸಾವು ತರುವಂಥವುಗಳಲ್ಲಿ ಒಂದಾದ್ದರಿಂದ ವೈದ್ಯರು, ಆಹಾರ ತಜ್ಞರು ಬೇಕೇ ಬೇಕು. ಆದರೆ ವೈದ್ಯರ ಕೋಣೆಯ ಹೊರಗೆ ಒಂದು ದೊಡ್ಡ ದಿನ ಉಳಿದಿರುತ್ತದೆ. ಹಳೆ ಬಟ್ಟೆ ಬಿಗಿಯಾದಾಗ ಹೊಸದು ಕೊಳ್ಳಲು ಹೋಗುವುದು, ಎಷ್ಟೋ ವರ್ಷಗಳ ಮೇಲೆ ಹೋಟೆಲಿನಲ್ಲಿ ಮೆನು ಹಿಡಿಯುವುದು, ನೆಂಟರ ಮನೆಯ ಊಟಕ್ಕೆ ಹೋಗಿ ಬರುವುದು.

ಒಂದು ಅಪಾಯವನ್ನು ಇಲ್ಲೇ ಹೇಳಬೇಕು. ಒಂದೇ ಹಂತದಲ್ಲಿರುವ ಇಬ್ಬರು ರೋಗಿಗಳು ಒಬ್ಬರನ್ನೊಬ್ಬರು ಮುಳುಗಿಸಬಹುದು. ವಾರ್ಡುಗಳಲ್ಲಿ ಯಾರು ಹೆಚ್ಚು ಸಣ್ಣ ಎಂಬ ಮೂಕ ಪೈಪೋಟಿ, ನರ್ಸ್ ಕಣ್ಣು ತಪ್ಪಿಸುವ ಉಪಾಯಗಳ ವಿನಿಮಯ ಎಷ್ಟೋ ಆತ್ಮಕಥನಗಳಲ್ಲಿ ಬರುತ್ತವೆ. ಅದಕ್ಕೇ ಜೊತೆಗಾರ್ತಿ ಸಾಕಷ್ಟು ಮುಂದೆ ಹೋದವಳಾಗಿರಬೇಕೆಂದು ಇಂಥ ಯೋಜನೆಗಳು ಕೇಳುತ್ತವೆ. ಮಾತಿಗೂ ಕಟ್ಟಳೆಗಳಿವೆ. ತೂಕದ ಅಂಕಿ ಹೇಳಬಾರದು, ಕ್ಯಾಲರಿ ಎಣಿಸಬಾರದು, ಏನೇನು ಮಾಡಿ ಮುಚ್ಚಿಟ್ಟೆ ಎಂದು ವಿವರಿಸಬಾರದು.

ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಟ್ಟಳೆಗಳೇ. ಇವನ್ನು ಒಂದು ಕಾವ್ಯಮೀಮಾಂಸೆಯಾಗಿ ಓದಿದರೆ ಏನಾಗುತ್ತದೆ? ವಿವರವೇ ಗದ್ಯದ ಜೀವ ಎಂದು ನಮಗೆ ಕಲಿಸಿದ್ದಾರೆ. ಇಲ್ಲಿ ಅತಿ ತೀಕ್ಷ್ಣವಾದ ವಿವರವನ್ನೇ ಬಿಟ್ಟು ಕಥೆ ಹೇಳಬೇಕು. ಪತನದ ಅತ್ಯಂತ ಕೆಳಗಿನ ಬಿಂದು ಕಥೆಯ ಶಿಖರ ಆಗುವಂತಿಲ್ಲ.

ಮಾರ್ಯಾ ಹಾರ್ನ್‌ಬಾಕರ್ ಅವರ ‘ವೇಸ್ಟೆಡ್’ (1998) ಈ ಪರೀಕ್ಷೆಯಲ್ಲಿ ಸೋಲುತ್ತದೆ. ಇಪ್ಪತ್ತರ ಮೊದಲ ವರ್ಷಗಳಲ್ಲಿ ಬರೆದ ಪುಸ್ತಕ. ಈ ವಿಷಯದ ಮೇಲೆ ನಾನು ಓದಿದ ಗದ್ಯದಲ್ಲಿ ಅದಕ್ಕಿಂತ ಹರಿತವಾದದ್ದು ಇಲ್ಲ. ಸಿಟ್ಟು, ಬುದ್ಧಿ, ತನ್ನನ್ನೇ ಸೀಳಿ ನೋಡುವ ಧೈರ್ಯ ಎಲ್ಲ ಇದೆ, ಸುಳ್ಳು ಸಮಾಧಾನ ಇಲ್ಲ. ಆದರೆ ಅಂಕಿಗಳೂ ಇವೆ, ಉಪಾಯಗಳೂ ಇವೆ. ಕಾಯಿಲೆಯಲ್ಲಿದ್ದ ಓದುಗರು ಅದನ್ನು ಕೈಪಿಡಿಯಂತೆ ಬಳಸಿಕೊಂಡದ್ದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಒಮ್ಮೆ ನಮ್ಮ ಓದುಬಳಗದಲ್ಲಿ ನಾನು ಅಂಕಿಗಳನ್ನು ಬಿಟ್ಟು ಈ ಪುಸ್ತಕದ ಸಾರಾಂಶ ಹೇಳಿದೆ. ಮುಗಿಸಿದ ಕೂಡಲೇ ಬಂದ ಮೊದಲ ಪ್ರಶ್ನೆ, ‘ಅಕ್ಕಾ, ಕೊನೆಗೆ ಎಷ್ಟು ಕೆಜಿ ಇದ್ರಂತೆ?’ ಕೇಳಿದ ಹುಡುಗಿಯಲ್ಲಿ ಕೆಟ್ಟ ಕುತೂಹಲವೇನೂ ಇರಲಿಲ್ಲ. ‘ಅದು ಬೇಡ ಬಿಡು’ ಅಂದೆ. ಕಥೆ ಅರ್ಧಕ್ಕೇ ನಿಂತಿತು ಎಂಬಂತೆ ಬಳಗ ನನ್ನನ್ನು ನೋಡಿತು.

ಜೆನ್ನಿ ಶೇಫರ್ ತಮ್ಮ ಚಿಕಿತ್ಸಕ ಥಾಮ್ ರುಟ್ಲೆಜ್ ಜೊತೆ ಬರೆದ ‘ಲೈಫ್ ವಿದೌಟ್ ಎಡ್’ (2004) ಇದಕ್ಕೆ ತದ್ವಿರುದ್ಧ. ಈಟಿಂಗ್ ಡಿಸಾರ್ಡರ್‌ನ ಮೊದಲ ಅಕ್ಷರಗಳನ್ನು ಕೂಡಿಸಿ ಕಾಯಿಲೆಗೆ ‘ಎಡ್’ ಎಂಬ ಗಂಡಸಿನ ಹೆಸರಿಟ್ಟು, ಹಿಂಸೆ ಕೊಡುವ ಗಂಡನನ್ನು ಬಿಡುವಂತೆ ಅವನನ್ನು ಬಿಡುವ ಕಥೆ. ಪುಟ್ಟ ಅಧ್ಯಾಯಗಳು, ಸಪ್ಪೆ ವಾಕ್ಯಗಳು, ಅಲ್ಲಲ್ಲಿ ಮಾಡಿ ನೋಡಬೇಕಾದ ಅಭ್ಯಾಸಗಳು. ಯಾವ ವಿಶ್ವವಿದ್ಯಾಲಯವೂ ಇದನ್ನು ಪಠ್ಯ ಮಾಡಲಿಕ್ಕಿಲ್ಲ. ಮಾಡಿ ಅಂತ ನಾನೂ ಹೇಳುತ್ತಿಲ್ಲ. ಆದರೆ ಅದರ ಧ್ವನಿಯನ್ನು ಗಮನಿಸಿ. ಓದುಗಳನ್ನು ಬೆರಗುಗೊಳಿಸುವ ಆಸೆ ಅದಕ್ಕಿಲ್ಲ. ನಿನ್ನೆ ಬಿದ್ದೆ, ಇವತ್ತು ಮತ್ತೆ ಊಟಕ್ಕೆ ಕೂತೆ ಎಂಬುದನ್ನೇ ಹತ್ತಾರು ಸಲ, ಬೇಸರವಿಲ್ಲದೆ ಹೇಳುತ್ತದೆ. ಚೇತರಿಕೆ ಇರುವುದೂ ಹಾಗೆಯೇ, ಒಂದೇ ಅಧ್ಯಾಯ ನೂರು ಸಲ. ವಿಮರ್ಶೆಯಲ್ಲಿ ನಾವು ‘ಪುನರಾವರ್ತನೆ’ ಎಂದು ಕೆಂಪು ಗೆರೆ ಎಳೆಯುವ ಜಾಗದಲ್ಲೇ ಈ ಪುಸ್ತಕ ತನ್ನ ಕೆಲಸ ಮಾಡುತ್ತಿರುತ್ತದೆ. ಎರಡರಲ್ಲಿ ದೊಡ್ಡ ಕೃತಿ ಯಾವುದೆಂದರೆ ಅನುಮಾನವಿಲ್ಲದೆ ‘ವೇಸ್ಟೆಡ್’ ಅನ್ನುತ್ತೇನೆ. ಈಗ ತಾನೇ ಆಸ್ಪತ್ರೆಯಿಂದ ಬಂದ ಗೆಳತಿಯ ಕೈಗೆ ಅದನ್ನು ಕೊಡುವುದಿಲ್ಲ. ಈ ಎರಡು ಮಾತುಗಳ ನಡುವಿನ ಬಿಕ್ಕಟ್ಟನ್ನು ನಮ್ಮ ವಿಮರ್ಶೆ ‘ಅದು ಸಾಹಿತ್ಯದ ಪ್ರಶ್ನೆಯಲ್ಲ’ ಎಂದು ಬಾಗಿಲ ಹೊರಗೇ ನಿಲ್ಲಿಸುತ್ತದೆ. ತರಗತಿಯ ಮೂವತ್ತು ಜನರಲ್ಲಿ ಒಬ್ಬಳು ಕಾಯಿಲೆಯಲ್ಲಿದ್ದರೂ ಪಾಠ ಮಾಡುವವರಿಗೆ ಅದು ಸಾಹಿತ್ಯದ ಪ್ರಶ್ನೆಯೇ.

ಕನ್ನಡದಲ್ಲಿ ಈ ಪ್ರಶ್ನೆ ಇನ್ನೊಂದು ರೀತಿಯಲ್ಲಿ ಚುಚ್ಚುತ್ತದೆ. ನಮ್ಮಲ್ಲಿ ‘ಊಟ ಆಯ್ತಾ?’ ಅನ್ನುವುದು ನಮಸ್ಕಾರದಷ್ಟೇ ಸಹಜ. ಅಷ್ಟೇ ಸಹಜವಾಗಿ ಮದುವೆಮನೆಯಲ್ಲಿ ‘ಏನೇ, ಇಷ್ಟು ಸೊರಗಿದ್ದೀಯಾ’, ‘ಸ್ವಲ್ಪ ಮೈ ಬಂದಿದೆ, ಈಗ ಲಕ್ಷಣವಾಗಿದ್ದೀಯ’ ಅನ್ನುತ್ತಾರೆ. ಎರಡನೆಯದು ಚೇತರಿಸಿಕೊಳ್ಳುತ್ತಿರುವ ಹುಡುಗಿಯನ್ನು ವಾರಗಟ್ಟಲೆ ಹಿಂದಕ್ಕೆ ತಳ್ಳಬಹುದೆಂದು ಪ್ರೀತಿಯಿಂದ ಹೇಳಿದ ದೊಡ್ಡಮ್ಮನಿಗೆ ಹೇಗೆ ಗೊತ್ತಾಗಬೇಕು? ಉಪವಾಸ, ವ್ರತ, ಒಪ್ಪೊತ್ತು ಎಂದು ತಿನ್ನದಿರುವುದಕ್ಕೆ ಗೌರವದ ಮಾತುಗಳು ನಮ್ಮಲ್ಲಿ ಸಾಕಷ್ಟಿವೆ. ತಿನ್ನಲಾಗದ ಕಾಯಿಲೆಗೆ ಮನೆಮಾತಿನ ಪದವಿಲ್ಲ. ‘ಪೀರ್’ ಎಂಬುದಕ್ಕೆ ‘ಸಮವಯಸ್ಕ’ ಎಂದು ನಿಘಂಟು ಹೇಳಿದರೆ ಅದು ಇಲ್ಲಿಗೆ ಹೊಂದುವುದಿಲ್ಲ. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೇ ನಾನು ಜೊತೆಗಾರ್ತಿ ಅನ್ನುತ್ತಿದ್ದೇನೆ. ‘ಊಟ ಆಯ್ತಾ?’ ಎಂಬ ಅದೇ ಪ್ರಶ್ನೆಯನ್ನು ಅಮ್ಮ ಕೇಳಿದರೆ ಲೆಕ್ಕ ಕೇಳಿದಂತಾಗುವ ಮನೆಯಲ್ಲಿ, ಅವಳು ಫೋನಿನಲ್ಲಿ ಕೇಳಿದರೆ ಸುಳ್ಳು ಹೇಳದೆ ‘ಇಲ್ಲ ಕಣೇ, ಆಗ್ಲಿಲ್ಲ’ ಅನ್ನಬಹುದು.

ಹಾನ್ ಕಾಂಗ್ ಅವರ ‘ದಿ ವೆಜಿಟೇರಿಯನ್’ (ಕೊರಿಯನ್‌ನಲ್ಲಿ 2007) ಓದುವಾಗಲೂ ಇದೇ ಕಣ್ಣಿನಿಂದ ನೋಡಿದೆ. ಮಾಂಸ ಬಿಟ್ಟು, ಆಮೇಲೆ ಎಲ್ಲವನ್ನೂ ಬಿಟ್ಟು ಮರವಾಗಲು ಹೊರಟ ಯೊಂಗ್-ಹೆಯನ್ನು ಬರೀ ರೋಗಿ ಎಂದು ಓದಿದರೆ ಕಾದಂಬರಿ ಕಿರಿದಾಗುತ್ತದೆ, ನಿಜ. ಆದರೂ ಅದರ ರಚನೆ ನನ್ನ ಅನುಮಾನಕ್ಕೆ ಒತ್ತು ಕೊಡುತ್ತದೆ. ಮೂರು ಭಾಗಗಳಲ್ಲಿ ಗಂಡ, ಭಾವ, ಅಕ್ಕ ಅವಳನ್ನು ನೋಡುತ್ತಾರೆ. ಮೊದಲ ಇಬ್ಬರ ಮಟ್ಟಿಗೆ ಅವಳು ತೊಂದರೆ ಅಥವಾ ಚಿತ್ರ. ಮೂರನೆಯ ಭಾಗದಲ್ಲಿ ಅಕ್ಕ ಇನ್-ಹೆ ಆಸ್ಪತ್ರೆಗೆ ತಂಗಿಗೆ ಇಷ್ಟವಾದ ತಿನಿಸುಗಳನ್ನು ಕಟ್ಟಿಕೊಂಡು ಹೋಗುತ್ತಾಳೆ. ಅಲ್ಲಿ ಹೀ-ಜೂ ಎಂಬ ಇನ್ನೊಬ್ಬ ರೋಗಿ ಯೊಂಗ್-ಹೆಯನ್ನು ನೋಡಿಕೊಳ್ಳುತ್ತಿದ್ದಾಳೆ. ಅವಳ ಕಾಯಿಲೆ ಬೇರೆ, ಕುಡಿತದ್ದು. ಯಾರೂ ಅವಳಿಗೆ ಆ ಕೆಲಸ ವಹಿಸಿಲ್ಲ. ಕಾದಂಬರಿಯ ಮೇಲೆ ಬಂದ ವಿಮರ್ಶೆಗಳಲ್ಲಿ ಅವಳ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಮೂಗಿನ ಕೊಳವೆಯಿಂದ ಗಂಜಿ ಇಳಿಸಲು ವೈದ್ಯರು ಯೊಂಗ್-ಹೆಯನ್ನು ಒತ್ತಿ ಹಿಡಿದಾಗ, ನಿಲ್ಲಿಸಿ ಎಂದು ಕೂಗುವುದು ಅಕ್ಕ. ತಾನೂ ಒಂದು ದಿನ ನಸುಕಿನಲ್ಲಿ ಮನೆಬಿಟ್ಟು ಗುಡ್ಡದತ್ತ ನಡೆದವಳು, ತಂಗಿ ದಾಟಿದ ಗೆರೆಯ ತೀರ ಹತ್ತಿರ ನಿಂತು ವಾಪಸ್ಸು ಬಂದವಳು ಎಂಬುದು ಅಷ್ಟು ಹೊತ್ತಿಗೆ ಅವಳಿಗೆ ಅರಿವಾಗತೊಡಗಿರುತ್ತದೆ. ಕೊನೆಯ ಪುಟದಲ್ಲಿ ಇಬ್ಬರೂ ಒಂದೇ ಆಂಬ್ಯುಲೆನ್ಸಿನಲ್ಲಿದ್ದಾರೆ. ಅಕ್ಕ ತಂಗಿಯ ಕಡೆ ಬಗ್ಗಿ ಏನೋ ಹೇಳುತ್ತಿದ್ದಾಳೆ, ರಸ್ತೆಯ ಎರಡೂ ಬದಿಯ ಮರಗಳು ಹಿಂದಕ್ಕೆ ಓಡುತ್ತಿವೆ.